ನಾನು ನೆಟ್ಟ ಹುಣಸೆಮರ

ಒಂದು ಸಲ, ಮೂರು ದಿನಗಳ ಮಟ್ಟಿಗೆ, ಅರಸೀಕೆರೆಯ ನಮ್ಮ ಪುಟ್ಟ ಸಭೆಯವರು ನನ್ನ ಮಾತನ್ನು ಪವಿತ್ರಾತ್ಮನ ಮಾತೆಂದು ನಂಬಿದ್ದರು. ಮಾತು ನನ್ನದೆಂದು ಅವರಿಗೆ ಗೊತ್ತಿರಲಿಲ್ಲ. ಮೊದಲ ಎರಡು ದಿನ ನನಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ, ಒಂದು ಶನಿವಾರದ ಸಂಜೆಯಿಂದ ಭಾನುವಾರದ ಬೆಳಗಿನವರೆಗೆ ನಾನು ಪಟ್ಟ ಪಾಡನ್ನು ನೆನೆದರೆ ಈಗಲೂ ಅಂಗೈ ಒದ್ದೆಯಾಗುತ್ತದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ. ಭಾನುವಾರ ದೇವಾಲಯದಲ್ಲಿ ಹಾರ್ಮೋನಿಯಂ ನುಡಿಸುವವನೂ ನಾನೇ, ಏಕೆಂದರೆ ನುಡಿಸಲು ಬರುತ್ತದೆಂದು ಧೈರ್ಯವಾಗಿ ಹೇಳಿಕೊಂಡವನು ನಾನೊಬ್ಬನೇ. ನಮ್ಮದು ಇಪ್ಪತ್ತೆರಡು ಮನೆಗಳ ಸಭೆ. ಹೆಚ್ಚಿನವರು ರೈಲ್ವೆಯವರು, ಉಳಿದವರು ಆಸ್ಪತ್ರೆ, ಸ್ಕೂಲು ಎಂದು ಕೆಲಸ ಮಾಡುವವರು. ಪಾದ್ರಿಗಳು ಬೇರೆ ಊರಿನಿಂದ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಮಿಕ್ಕ ವಾರಗಳಲ್ಲಿ ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಉಪದೇಶಿ ದೇವಪ್ರಸಾದಯ್ಯನವರು.

ಉಪದೇಶಿಗಳು ಕಣಕಟ್ಟೆ ಕಡೆಯವರು. ಒಳ್ಳೆಯ ಮನುಷ್ಯರು ಎಂದರೆ ಮುಗಿಯಿತು, ಪ್ರಸಂಗದ ಬಗ್ಗೆ ಹೇಳಲು ಏನೂ ಇರುತ್ತಿರಲಿಲ್ಲ. ಅವರು ಶುರು ಮಾಡಿದ ಐದು ನಿಮಿಷಕ್ಕೆ ಬಲಗಡೆಯ ಬೆಂಚಿನಲ್ಲಿ ಒಂದಿಬ್ಬರು ತೂಕಡಿಸುತ್ತಿದ್ದರು. ಏನಾದರೂ ಕೇಳಿದರೆ, "ನಂಗೊತ್ತಿಲ್ಲ ಕಣಪ್ಪ, ವಿಚಾರ ಮಾಡಿ ಹೇಳ್ತೀನಿ" ಎನ್ನುತ್ತಿದ್ದರು. ಮೂರು ವಾರದ ಮೇಲೆ ಕೊಡೆ ಹಿಡಿದುಕೊಂಡು ಮನೆಗೇ ಬಂದು ಉತ್ತರ ಹೇಳುವರು. ಅಷ್ಟರಲ್ಲಿ ಕೇಳಿದ್ದ ಪ್ರಶ್ನೆಯೇ ನಮಗೆ ಮರೆತುಹೋಗಿರುತ್ತಿತ್ತು. ಆಗಿನ ನನಗೆ ಮೂವತ್ತು ತುಂಬಿರಲಿಲ್ಲ. ದೇವರ ಮಾತು ಹೇಳುವವರಿಗೆ ಇಷ್ಟು ಕಡಿಮೆ ಗೊತ್ತಿದ್ದರೆ ಹೇಗೆ ಎಂದು ನಾಚಿಕೆಯಾಗುತ್ತಿತ್ತು. ಆದ್ದರಿಂದಲೇ ನಾವು ಕೆಲವರು ಸೇರಿ, ಬಹಳ ಹೆಸರು ಕೇಳಿದ್ದ ಒಬ್ಬ ಬೋಧಕರನ್ನು ಮೂರು ಸಂಜೆಯ ಕೂಟಗಳಿಗೆ ಕರೆಸಿದೆವು. ಉಪದೇಶಿಗಳು ಬೇಡವೆನ್ನಲಿಲ್ಲ. "ಕರೆಸ್ರಪ್ಪ, ನಾನೂ ಕೇಳ್ತೀನಿ" ಎಂದರು.

ಬೋಧಕರು ಗುರುವಾರ ಬೆಳಗಿನ ಗಾಡಿಗೆ ಇಳಿದರು. ಎತ್ತರದ ಆಳು, ಬಿಳಿ ಜುಬ್ಬ, ಹಿಂದಕ್ಕೆ ಬಾಚಿದ ಕೂದಲು. ನಮ್ಮ ಮನೆಯಲ್ಲೇ ಅವರ ಬಿಡಾರ. ಸ್ಟೇಷನ್ನಿನಿಂದ ಮನೆಗೆ ನಡೆದು ಬರುವಾಗ, ಆಮೇಲೆ ಸುಗುಣ, ಎಂದರೆ ನನ್ನ ಹೆಂಡತಿ, ಕೊಟ್ಟ ಕಾಫಿ ಕುಡಿಯುವಾಗ, ಅವರು ಬಹಳ ಅಕ್ಕರೆಯಿಂದ ಸಭೆಯ ಸಮಾಚಾರ ಕೇಳಿದರು. ನಾನು ಹೇಳಿದೆ. ಕೇಳಿದ್ದಷ್ಟನ್ನೇ ಹೇಳುವ ಸ್ವಭಾವ ನನಗೆ ಹುಟ್ಟಿನಿಂದಲೇ ಬಂದಿಲ್ಲ. ಯಾವ ಮನೆಯಲ್ಲಿ ಏನು ಬೇನೆ, ಯಾರಿಗೆ ಯಾರ ಮೇಲೆ ಸಿಟ್ಟು ಎಲ್ಲವನ್ನೂ ಹೇಳಿದೆ. ಎಂಜಿನ್ ಡ್ರೈವರ್ ಚಿನ್ನಪ್ಪ ಗಂಡಸಿ ಊರಿನಲ್ಲಿರುವ ತಮ್ಮನ ಜೊತೆ ಮಾತು ಬಿಟ್ಟಿರುವುದನ್ನು ಹೇಳಿದೆ. ಆಸ್ಪತ್ರೆಯಲ್ಲಿ ಆಯಾ ಆಗಿರುವ ರೂತಮ್ಮನ ವಿಷಯವನ್ನೂ ಹೇಳಿದೆ.

ರೂತಮ್ಮ ಆರು ವರ್ಷದ ಕೆಳಗೆ ಕೈಗೂಸು ಲೀಲಾಳನ್ನು ಎತ್ತಿಕೊಂಡು ನಮ್ಮೂರಿಗೆ ಬಂದವಳು. ಗಂಡನ ಮಾತು ಯಾರ ಹತ್ತಿರವೂ ಎತ್ತಿದವಳಲ್ಲ. ಹಳೇಬೀಡಿನ ಮೇಲೆ ಬರುವ ಬಸ್ಸಿನಿಂದ ಇಳಿದಳು ಎನ್ನುವುದೊಂದೇ ನನಗೆ ಗೊತ್ತಿದ್ದ ಸಂಗತಿ. ಆದರೆ ಒಂದೇ ಸಂಗತಿಯಿಂದ ಕತೆ ರುಚಿಯಾಗುವುದಿಲ್ಲವಲ್ಲ. "ಗಂಡ ಹಳೇಬೀಡಿನಲ್ಲೇ ಇದ್ದಾನೆ ಸಾರ್, ಇವಳೇ ಬಿಟ್ಟು ಬಂದವಳಂತೆ" ಎಂದೆ. ಹಳೇಬೀಡೆಂದ ಮೇಲೆ ಕೆರೆ ಇರಬೇಕೆಂದು "ಕೆರೆ ಪಕ್ಕದಲ್ಲೇ ಮನೆ" ಎಂದೆ. ಮನೆ ಎಂದ ಮೇಲೆ ಮುಂದೆ ಏನಾದರೂ ಇರಬೇಕೆಂದು, "ಬಾಗಿಲ ಮುಂದೆ ಒಂದು ಹುಣಸೆಮರ" ಎಂದೂ ಸೇರಿಸಿದೆ. ನಾನು ಅಲ್ಲಿಯವರೆಗೆ ಹಳೇಬೀಡಿಗೆ ಹೋದವನೇ ಅಲ್ಲ.

ಅಂದಿನ ಸಂಜೆಯ ಕೂಟದಲ್ಲಿ ಯಾರೂ ತೂಕಡಿಸಲಿಲ್ಲ. ಎಂಥ ಕಂಠ! ಮಧ್ಯದಲ್ಲಿ ಬೋಧಕರು ಮಾತು ನಿಲ್ಲಿಸಿ, ಕಣ್ಣು ಮುಚ್ಚಿ, "ಇಲ್ಲಿ ಒಬ್ಬ ಅಣ್ಣನಿದ್ದಾನೆ. ತಮ್ಮನ ಮುಖ ನೋಡುವುದಿಲ್ಲವೆಂದು ಶಪಥ ಮಾಡಿದ್ದಾನೆ. ಕರ್ತನು ನನಗೆ ತೋರಿಸುತ್ತಿದ್ದಾನೆ" ಎಂದರು. ಚಿನ್ನಪ್ಪ ಮರುಗಳಿಗೆ ಎದ್ದು, ಅಷ್ಟು ದೊಡ್ಡ ಆಳು, ಮಗುವಿನ ಹಾಗೆ ಅತ್ತ. ಮಾರನೆಯ ದಿನವೇ ಗಂಡಸಿಗೆ ಹೋಗಿ ತಮ್ಮನನ್ನು ತಬ್ಬಿಕೊಂಡು ಬಂದ. ನನಗೆ ಮೈ ಜುಮ್ಮೆಂದಿತು. ಇದನ್ನು ಇವರಿಗೆ ಹೇಳಿದವನು ನಾನೇ ಎನ್ನುವುದು ಹೊಳೆಯಲೇ ಇಲ್ಲ. ಆಶ್ಚರ್ಯಪಡುವುದರಲ್ಲಿ ನನಗಿರುವ ಶಕ್ತಿ ಅಂಥದು. ಶುಕ್ರವಾರ ಇನ್ನೂ ಇಬ್ಬರ ಗುಟ್ಟು ಹೊರಬಿತ್ತು. ಆಗಲೂ ನಾನು ಕಣ್ಣೊರೆಸಿಕೊಳ್ಳುತ್ತಾ ಹಾರ್ಮೋನಿಯಂ ಒತ್ತಿದೆ.

ಶನಿವಾರದ ಕೂಟಕ್ಕೆ ಗೋಡೆಯ ಪಕ್ಕದಲ್ಲಿ ನಿಲ್ಲುವಷ್ಟು ಜನ. ಬೋಧಕರು ಕಣ್ಣು ಮುಚ್ಚಿದರು. "ಒಬ್ಬ ಹೆಂಗಸು. ಗಂಡನನ್ನು ತೊರೆದು ಬಂದಿದ್ದಾಳೆ. ಅವನು ಬದುಕಿದ್ದಾನೆ. ಹಳೇಬೀಡಿನಲ್ಲಿ, ಕೆರೆಯ ಪಕ್ಕದ ಮನೆಯಲ್ಲಿ ಕಾದು ಕೂತಿದ್ದಾನೆ. ಬಾಗಿಲ ಮುಂದೆ ಹುಣಸೆಮರ ಕಾಣುತ್ತಿದೆ. ಅವಳು ನಾಳೆಯೇ ಅವನ ಬಳಿಗೆ ಹೋಗಬೇಕು. ಹೋಗುವವರೆಗೆ ಈ ಸಭೆಗೆ ಆಶೀರ್ವಾದವಿಲ್ಲ."

ಎಲ್ಲರೂ ತಿರುಗಿ ರೂತಮ್ಮನನ್ನು ನೋಡಿದರು. ನಾನು ಮಾತ್ರ ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳನ್ನೇ ನೋಡುತ್ತಿದ್ದೆ. ಹುಣಸೆಮರ! ಪಾರ್ಸಲ್ ಆಫೀಸಿನಲ್ಲಿ ಸಾವಿರ ಮೂಟೆಗಳ ನಡುವೆ ನಾನು ಬರೆದ ಚೀಟಿ ಎಲ್ಲಿದ್ದರೂ ನನಗೆ ಗುರುತು ಸಿಗುತ್ತದೆ. ಇದೂ ನನ್ನ ಬರಹವೇ. ಕರ್ತನು ಸರ್ವವನ್ನೂ ಬಲ್ಲವನು ಹೌದು, ಆದರೆ ನಾನು ಕಾಫಿ ಕುಡಿಯುತ್ತಾ ನೆಟ್ಟ ಮರವನ್ನು ಹಳೇಬೀಡಿನಲ್ಲಿ ಕಾಣುವಷ್ಟು ತಪ್ಪಲಾರ. ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಕಡೆಯ ಕೀರ್ತನೆಯನ್ನು ನುಡಿಸಿ ಮನೆಗೆ ಬಂದೆ.

ಇನ್ನೂ ದೀಪ ಹಚ್ಚುವ ಹೊತ್ತು. ಬೋಧಕರು ಯಾರದೋ ಮನೆಗೆ ಪ್ರಾರ್ಥನೆಗೆಂದು ಹೋಗಿದ್ದರು. ರೂತಮ್ಮ ಲೀಲಾಳ ಕೈ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಸುಗುಣಳಿಗೆ ಹೇಳಿದಳು: "ಅಕ್ಕಾ, ನಾಳೆ ಹನ್ನೊಂದು ಗಂಟೆ ಬಸ್ಸಿಗೆ ಹೋಯ್ತೀನಿ. ದೇವರ ಅಪ್ಪಣೆ ಆದ್ಮೇಲೆ ಏನ್ ಮಾಡಕ್ಕಾಯ್ತದೆ. ಇವಳನ್ನ ಮಾತ್ರ ನೀವು ಇಟ್ಕೊಳ್ಳಿ. ಇವಳನ್ನ ಅವನ ಕಣ್ಣಿಗೆ ಬೀಳಿಸಲಾರೆ."

ಅವಳು ಅಳುತ್ತಿರಲಿಲ್ಲ. ಮಾತು ಮುಗಿದರೂ ಅವಳ ಕೈ ಮಗುವಿನ ಕೈ ಬಿಡಲಿಲ್ಲ, ಅಷ್ಟೆ. ಅವರು ಹೋದ ಮೇಲೆ ನಾನು ಸುಗುಣಳಿಗೆ ಎಲ್ಲವನ್ನೂ ಹೇಳಿದೆ. "ನಾಳೆ ಬಸ್ಸು ಹೊರಡೋದರೊಳಗೆ ಇದನ್ನ ಅಲ್ಲೇ, ಎಲ್ಲರ ಮುಂದೆ ಹೇಳ್ತೀರ. ಇಲ್ಲದಿದ್ದರೆ ನಾನು ಹೇಳ್ತೀನಿ ಕಣ್ರೀ" ಎಂದಳು. ಅವಳ ದನಿ ಏರಿರಲಿಲ್ಲ. ನನಗೆ ಅದೇ ಹೆದರಿಕೆಯಾಯಿತು.

ಬೆಳಗಾಗುತ್ತಲೇ ಉಪದೇಶಿಗಳ ಮನೆಗೆ ಓಡಿದೆ. ಅವರು ಬಾವಿಯಲ್ಲಿ ನೀರು ಸೇದುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಹಗ್ಗ ಹಿಡಿದೇ ಕೇಳಿದರು. ಬೋಧಕರು ಮೋಸಗಾರರೆಂದು ಅವರು ಹೇಳಲಿ, ನಾನು ತಪ್ಪಿಸಿಕೊಳ್ಳುವೆ ಎಂಬುದು ನನ್ನ ಒಳಗಿನ ಆಸೆ.

"ನೀವೇ ಸಭೆಯಲ್ಲಿ ಹೇಳಿಬಿಡಿ ಅಯ್ಯನೋರೆ. ನಿಮ್ಮ ಮಾತಾದರೆ ಕೇಳ್ತಾರೆ."

"ನನ್ ಮಾತು ಯಾವತ್ತು ಕೇಳವ್ರೆ?" ಎಂದು ನಕ್ಕರು. ಆಮೇಲೆ ನಗಲಿಲ್ಲ. "ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ. ಮರ ನಿಂದು. ನೀನೇ ಕೀಳಬೇಕು."

"ಆದರೆ ಚಿನ್ನಪ್ಪನಿಗೆ ಒಳ್ಳೆಯದೇ ಆಯಿತಲ್ಲ? ಅದೂ ನಾನು ಹೇಳಿದ್ದೇ."

ಅವರು ಕೊಡ ಕೆಳಗಿಟ್ಟು ಯೋಚಿಸಿದರು. "ಒಳ್ಳೇದಾಯ್ತು. ದೇವರು ಯಾವ ಕಡೆಯಿಂದಾದ್ರೂ ಒಳ್ಳೇದು ಮಾಡ್ತಾನೆ. ಅದಕ್ಕೆ ಅಂತ ಆ ಕಡೆಯಿಂದ ಬಂದದ್ದೆಲ್ಲ ದೇವರದು ಅನ್ನಕ್ಕಾಗಲ್ಲ. ಚಿನ್ನಪ್ಪಂಗೆ ಹೋಗು ಅಂದಾಗ ಅವನ ಮನಸ್ಸು ಮೊದಲೇ ಹೊರಟಿತ್ತು. ಈ ಹೆಣ್ಣುಮಗಳನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

"ಅವಳ ವಿಷಯ ನಿಮಗೆ ಗೊತ್ತೇ?"

"ಗೊತ್ತು" ಎಂದರು. ನಾನು ಕಾದೆ. ಅವರು ಮತ್ತೆ ಹಗ್ಗ ಹಿಡಿದರು. ಆರು ವರ್ಷ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡ ಮನುಷ್ಯರನ್ನು, ಇವರಿಗೆ ಏನೂ ಗೊತ್ತಿಲ್ಲವೆಂದು ನಾನು ಅಷ್ಟೂ ವರ್ಷ ಅಂದುಕೊಂಡಿದ್ದೆ.

ಒಂಬತ್ತೂವರೆಗೆ ಆರಾಧನೆ. ರೂತಮ್ಮನ ತಗಡಿನ ಪೆಟ್ಟಿಗೆ ಬಾಗಿಲ ಪಕ್ಕದಲ್ಲಿ ಕೂತಿತ್ತು. ಬೋಧಕರು ಎದುರಿಗಿದ್ದರು. ಮೊದಲ ಕೀರ್ತನೆಯಲ್ಲಿ ನನ್ನ ಬೆರಳು ಎಲ್ಲೆಲ್ಲಿಗೋ ಹೋಯಿತು, ಜನ ತಿರುಗಿ ನೋಡಿದರು. ಬೋಧಕರ ಪ್ರಸಂಗ ನಡೆಯಿತು. ಗಡಿಯಾರದಲ್ಲಿ ಹತ್ತೂಕಾಲು. "ನಮ್ಮ ಸಹೋದರಿಯನ್ನು ಪ್ರಾರ್ಥನೆಯಿಂದ ಕಳಿಸಿಕೊಡೋಣ" ಎಂದು ಅವರು ಕೈ ಎತ್ತಿದರು. ನಾನು ಎದ್ದು ನಿಂತೆ. ಹಾರ್ಮೋನಿಯಂ ತಿದಿ ಮುಚ್ಚಿದ್ದು ಎಲ್ಲರಿಗೂ ಕೇಳಿಸಿತು.

"ಆ ಹುಣಸೆಮರ ಇಲ್ಲ" ಎಂದೆ. ಎಂಥ ಆರಂಭ! ಯಾರಿಗೂ ಅರ್ಥವಾಗಲಿಲ್ಲ. ಮೊದಲಿನಿಂದ ಹೇಳಬೇಕಾಯಿತು. ಗುರುವಾರದ ಕಾಫಿ, ಚಿನ್ನಪ್ಪ, ಬಸ್ಸು, ಕೆರೆ, ನಾನು ಸುಮ್ಮನೆ ಸೇರಿಸಿದ ಮರ, ಎಲ್ಲ. ಅವರವರ ಮನೆಯ ಮಾತನ್ನು ನಾನು ಹೇಗೆ ಆಡಿದ್ದೆನೆಂದು ಅವರವರೇ ಕೂತು ಕೇಳುತ್ತಿದ್ದರು. ಚಿನ್ನಪ್ಪನ ಮುಖ ಕಪ್ಪಾಯಿತು.

ಬೋಧಕರು ಗದರಲಿಲ್ಲ. ಮೃದುವಾಗಿ, "ತಮ್ಮಾ, ಕರ್ತನು ನಿನ್ನ ಬಾಯಿಯನ್ನೂ ಉಪಯೋಗಿಸಿಕೊಂಡಿರಬಹುದಲ್ಲ?" ಎಂದರು. ಹಲವರು ತಲೆದೂಗಿದರು. ಒಂದು ಗಳಿಗೆ ನನಗೇ ಅನ್ನಿಸಿತು, ಇದ್ದರೂ ಇರಬಹುದೇನೋ ಎಂದು.

ಆಗ ಹಿಂದಿನ ಬೆಂಚಿನಿಂದ ರೂತಮ್ಮನ ದನಿ ಬಂತು. "ಹಳೇಬೀಡಲ್ಲಿ ನಂಗ್ಯಾರೂ ಇಲ್ಲ. ನಾನು ಬೇಲೂರಿಂದ ಬಂದೋಳು. ಅಲ್ಲಿ ಬಸ್ಸು ನಿಂತಾಗ ಕೆಳಕ್ಕೂ ಇಳೀಲಿಲ್ಲ."

"ಮತ್ತೆ ನಿನ್ನೆ ಯಾಕಮ್ಮ ಹೇಳಲಿಲ್ಲ?" ಎಂದು ಯಾರೋ ಕೇಳಿದರು.

"ಅವನು ನನ್ನ ಹುಡುಕ್ಕಂಡು ಹಳೇಬೀಡಿನವರ್ಗೂ ಬಂದವ್ನೆ ಅಂದ್ಕೊಂಡೆ. ಹತ್ತಿರ ಹತ್ತಿರ ಬತ್ತಾ ಅವ್ನೆ ಅಂತ. ಇಲ್ಲಿಗೇ ಬಂದು ಮಗೀನ ನೋಡೋದಕ್ಕಿಂತ, ನಾನೇ ಅಲ್ಲಿಗೆ ಹೋಗೋದು ವಾಸಿ ಅನ್ನುಸ್ತು."

ಉಪದೇಶಿಗಳು ಎದ್ದರು. ಬೋಧಕರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ರೂತಮ್ಮ, ನಿಂಗೆ ಹೋಗಕ್ಕೆ ಮನಸ್ಸೈತಾ?"

ಅವಳು ಬಾಗಿಲ ಪಕ್ಕದ ಪೆಟ್ಟಿಗೆಯ ಕಡೆ ತಿರುಗಿ ನೋಡಿದಳು.

"ಇಲ್ಲ."

"ಹಂಗಾದ್ರೆ ಕೂತ್ಕೋ ತಾಯಿ. ಆರಾಧನೆ ಇನ್ನೂ ಮುಗಿದಿಲ್ಲ" ಎಂದು ಅವರು ಎಂದಿನ ಹಾಗೆ, ಎಂದಿನಷ್ಟೇ ನಿಧಾನವಾಗಿ, ಪ್ರಾರ್ಥನೆ ಶುರು ಮಾಡಿದರು. ಹನ್ನೊಂದರ ಬಸ್ಸಿನ ಹಾರನ್ನು ಕೇಳಿದಾಗ ಅವರ ಪ್ರಾರ್ಥನೆ ಇನ್ನೂ ಅರ್ಧದಲ್ಲಿತ್ತು. ಬೇಕೆಂದೇ ಎಳೆದರೋ, ಅವರ ಸ್ವಭಾವವೇ ಅದೋ, ನಾನು ಕೇಳಲಿಲ್ಲ. ಆ ದಿನ ಒಬ್ಬರೂ ತೂಕಡಿಸಲಿಲ್ಲ.

ಮಧ್ಯಾಹ್ನದ ಗಾಡಿಗೆ ಬೋಧಕರನ್ನು ನಾನೇ ಹತ್ತಿಸಿದೆ. ಅವರು ಕಿಟಕಿಯಿಂದ ಹೇಳಿದರು: "ನಾನು ಸುಳ್ಳು ಹೇಳಲಿಲ್ಲ ಕಣಯ್ಯ. ಕಣ್ಣು ಮುಚ್ಚಿದಾಗ ಆ ಮರ ನಿಜವಾಗಿ ಕಾಣಿಸಿತು." ಅವರ ಕಣ್ಣು ತುಂಬಿತ್ತು. ನಾನು ನಂಬಿದೆ, ಈಗಲೂ ನಂಬುತ್ತೇನೆ. ಮೋಸಗಾರರಾಗಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ತನಗೆ ಕಂಡದ್ದು ಎಲ್ಲಿಂದ ಬಂತೆಂದು ಒಮ್ಮೆಯೂ ಹಿಂತಿರುಗಿ ನೋಡದ ಒಳ್ಳೆಯ ಮನುಷ್ಯನಿಂದ ಪಾರಾಗುವುದು ಬಹಳ ಕಷ್ಟ.

ಎರಡು ಮನೆಯವರು ನಾನು ಪವಿತ್ರಾತ್ಮನಿಗೆ ಅಡ್ಡ ನಿಂತೆನೆಂದು ಸಭೆ ಬಿಟ್ಟರು. ಚಿನ್ನಪ್ಪ ತಮ್ಮನ ಜೊತೆ ಚೆನ್ನಾಗಿದ್ದ, ನನ್ನ ಜೊತೆ ಮಾತು ಬಿಟ್ಟ. ಮುಂದೊಂದು ಬೇಸಿಗೆಯಲ್ಲಿ ನಾವು ಹಳೇಬೀಡಿಗೆ ಹೋದೆವು. ಅಲ್ಲಿ ಗುಡಿ ತೋರಿಸುವವನೊಬ್ಬ ಏನು ಕೇಳಿದರೂ ತಡೆಯಿಲ್ಲದೆ ಉತ್ತರ ಕೊಡುತ್ತಿದ್ದ. ಈ ಶಿಲ್ಪಿ ಏನು ಯೋಚಿಸಿ ಈ ಆನೆಯ ಸೊಂಡಿಲು ಹೀಗೆ ತಿರುಗಿಸಿದ ಎನ್ನುವುದೂ ಅವನಿಗೆ ಗೊತ್ತಿತ್ತು. ಸುಗುಣ ನನ್ನ ಕಿವಿಯಲ್ಲಿ, "ಬನ್ನಿ, ನಾವೇ ನೋಡಿಕೊಳ್ಳೋಣ" ಎಂದಳು.

ರೂತಮ್ಮ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ನಾನು ಎದುರಾದರೆ ತಲೆ ತಗ್ಗಿಸಿ ಹೋಗುವಳು. ಅದು ನ್ಯಾಯವೇ. ಎಲ್ಲರ ಮುಂದೆ ಅವಳ ಬಾಳನ್ನು ತೆರೆದಿಟ್ಟದ್ದು ಬೋಧಕರಲ್ಲ, ನಾನು. ಆಮೇಲೆ ಒಂದು ಮಧ್ಯಾಹ್ನ, ಗಾಡಿಗಳಿಲ್ಲದ ಹೊತ್ತಿನಲ್ಲಿ, ಪಾರ್ಸಲ್ ಆಫೀಸಿಗೇ ಬಂದಳು. ಮೂಟೆಯೊಂದರ ಮೇಲೆ ಕೂತು, ಬೇಲೂರಿನಲ್ಲಿ ನಡೆದದ್ದನ್ನು ಮೊದಲಿನಿಂದ ಕಡೆಯವರೆಗೆ ಹೇಳಿದಳು. ಮುಗಿದ ಮೇಲೆ ನಾನು ಕೇಳಿದೆ: "ಉಪದೇಶಿಗಳಿದ್ದಾರೆ, ಸುಗುಣ ಇದ್ದಾಳೆ. ನನಗೇ ಯಾಕೆ ಹೇಳಿದಿರಿ?"

"ಅವರು ಯಾರ ಮಾತೂ ಆಡಿದವರಲ್ಲ. ನೀವು ಆಡಿ, ಎಲ್ಲರ ಎದುರಿಗೆ ನಿಂತು ನಂದೇ ಅಂತ ಒಪ್ಕಂಡೋರು. ಎಷ್ಟು ಸುಡ್ತದೆ ಅಂತ ನಿಮಗ್ ಗೊತ್ತು" ಎಂದು ಎದ್ದು, ಸೆರಗು ಕೊಡವಿಕೊಂಡು ಹೋದಳು.

ಅವಳು ಹೇಳಿದ್ದನ್ನು ನಾನು ಸುಗುಣಳಿಗೂ ಹೇಳಿಲ್ಲ. ಅದೇನೆಂದು ತಿಳಿಯುವ ಆಸೆ ನಿಮಗಿದ್ದೀತು. ಹೇಳಿಬಿಡುವ ಆಸೆ ನನಗೂ ಇದೆ, ನಿಮ್ಮ ಆಸೆಗಿಂತ ಒಂದು ತೂಕ ಹೆಚ್ಚಾಗಿಯೇ ಇದೆ. ಆದ್ದರಿಂದ ಪೆನ್ನಿನ ಮುಚ್ಚಳ ಹಾಕುವುದೇ ಕ್ಷೇಮ.