ಜಗಳ ಬೇಕಾಗಿದ್ದ ರುದ್ರಕ್ಕ

ರುದ್ರಕ್ಕನಿಗೆ ಮೆಲ್ಲಗೆ ಮಾತಾಡುವುದಕ್ಕೇ ಬರುತ್ತಿರಲಿಲ್ಲ. ಹೊಳಲ್ಕೆರೆಯ ನಮ್ಮ ಬೀದಿಯಲ್ಲಿ ಅವಳದು ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿದವಳು. ಯಂತ್ರದ ಸದ್ದನ್ನು ಮೀರಿ ಕೂಗಿ ಕೂಗಿ, ಗುಟ್ಟನ್ನೂ ಬಸ್ ಸ್ಟ್ಯಾಂಡಿಗೆ ಕೇಳಿಸುವಂತೆ ಹೇಳುತ್ತಿದ್ದಳು. ಅವಳ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ನನಗೆ ಬೆಳಗ್ಗೆ ಅಲಾರಾಂ ಬೇಕಿರಲಿಲ್ಲ.

ರುದ್ರಕ್ಕನಿಗೆ ಲಿವರ್ ಕ್ಯಾನ್ಸರ್, ಇನ್ನು ಕೆಲವೇ ತಿಂಗಳು ಎಂದು ದಾವಣಗೆರೆಯ ಡಾಕ್ಟರು ಹೇಳಿದಾಗ ಜೊತೆಗಿದ್ದವಳು ನಾನೇ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೇಳಿದಳು: "ಈಗ ನಾನೇನ್ ಮಾಡ್ಬೇಕೇ?" ಇಡೀ ಬಸ್ಸು ತಿರುಗಿ ನೋಡಿತು. ನಾನು ಅವಳ ಕೈಲಿದ್ದ ರಿಪೋರ್ಟು ತೆಗೆದು ಚೀಲದೊಳಗೆ ಇಟ್ಟೆ.

ಯಾರೋ ಹೇಳಿದರೆಂದು ಹೊಸದುರ್ಗದ ಕಡೆ ಒಂದು ಪ್ರವಚನಕ್ಕೆ ಹೋಗಿ, ಅರ್ಧಕ್ಕೇ ಎದ್ದು ಬಂದಳು. "ಈ ಮೈ ಬಾಡಿಗೆ ಮನೆಯಂತೆ ಕಣೇ. ಇರ್ಲಿ ಬಿಡು. ನಿನ್ನನ್ನ ಮನೆ ಬಿಡ್ಸೋದಾದ್ರೆ ನಾನು ಯಾಕೆ ಅಂತ ಹೇಳಲ್ವಾ? ನಂಗ್ಯಾರೂ ಹೇಳ್ಲೇ ಇಲ್ವಲ್ಲ!" ನಾನು ಕಾಫಿ ಕಾಸಲು ಎದ್ದೆ.

ಸುದ್ದಿ ಹಬ್ಬಿದ ಮೇಲೆ ಊರೇ ಮೆತ್ತಗಾಯಿತು. ಬ್ರೆಡ್ಡು, ಎಳನೀರು ಹಿಡಿದು ಮಾತಾಡಿಸಲು ಬರುವವರ ಸಾಲು. ಅವಳ ತೋಳಿನಲ್ಲಿ ಶಕ್ತಿ ಕುಂದಿ, ಗಿರಣಿಯ ಕಲ್ಲು ಸರಿಯಾಗಿ ಬಿಗಿಯಾಗುತ್ತಿರಲಿಲ್ಲ. ರಾಗಿ ತರಿತರಿಯಾಗಿ ಬೀಳುತ್ತಿತ್ತು. ಆದರೂ ಎಲ್ಲರೂ "ಚೆನ್ನಾಗೈತಕ್ಕ" ಅನ್ನುತ್ತ ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದರು.

"ನನ್ನನ್ನ ಆಗ್ಲೇ ಗೋಡೆ ಮೇಲಿನ ಫೋಟೋ ಮಾಡಿಬಿಟ್ಟವ್ರೆ," ಎಂದಳು ಒಂದು ದಿನ. "ಫೋಟೋಗೆ ಯಾರಾದ್ರೂ ನಿನ್ನ ಹಿಟ್ಟು ಸರಿಯಿಲ್ಲ ಅಂತಾರೇನೇ?"

ಎದುರು ಮನೆಯ ಶಾಂತಮ್ಮನಿಗೂ ಅವಳಿಗೂ ಚರಂಡಿಯ ವಿಷಯಕ್ಕೆ ವರ್ಷಗಟ್ಟಲೆ ಮಾತಿರಲಿಲ್ಲ. ಬೈಗುಳವಿತ್ತು, ಅದು ಬೇರೆ. ಆ ಶಾಂತಮ್ಮನೂ ಕಣ್ಣೊರೆಸಿಕೊಳ್ಳುತ್ತ ಬಂದು, "ತಪ್ಪೆಲ್ಲ ನಂದೇ ರುದ್ರಿ" ಎಂದಳು. ರುದ್ರಕ್ಕ ಉರಿದುಬಿದ್ದಳು.

"ಇಷ್ಟ್ ವರ್ಷ ಇಲ್ದಿದ್ದ ತಪ್ಪು ನಾನು ಸಾಯೋ ಹೊತ್ತಿಗೆ ಎಲ್ಲಿಂದ ಬಂತೇ? ಇನ್ನೂ ಬದುಕಿದೀನಿ. ಜಗಳಕ್ಕೆ ಬರೋದಾದ್ರೆ ಬಾ, ಇಲ್ಲಾಂದ್ರೆ ನಡಿ ಆಚೆ!"

ಶಾಂತಮ್ಮ ಮುಖ ಸಣ್ಣದು ಮಾಡಿಕೊಂಡು ಹೋದಳು. ಸಾಯುವವಳಿಗೆ ಇಷ್ಟು ಹಟವೇ ಎಂದು ಬೀದಿ ಮಾತಾಡಿಕೊಂಡಿತು. ನನಗೂ ಹಾಗೇ ಅನ್ನಿಸಿತು, ಸುಳ್ಳೇಕೆ.

ವಾರ ಕಳೆದಿರಲಿಲ್ಲ, ಶಾಂತಮ್ಮ ಹಿಟ್ಟಿನ ಡಬ್ಬಿ ತಂದು ಗಿರಣಿಯ ಮುಂದೆ ಕುಕ್ಕಿದಳು. "ಇದೇನು ಹಿಟ್ಟಾ, ರವೆನಾ? ಮುದ್ದೆ ಬಿರುಕು ಬಿಡ್ತೈತೆ. ಕೈಲಾಗ್ದಿದ್ರೆ ಬಾಗ್ಲು ಹಾಕೇ!"

ರುದ್ರಕ್ಕ ಸೆರಗು ಬಿಗಿದು ಎದ್ದಳು. ಚರಂಡಿಯಿಂದ ಹಿಡಿದು ಶಾಂತಮ್ಮನ ತವರಿನವರೆಗೆ ಎಲ್ಲವೂ ಬೀದಿಗೆ ಬಿತ್ತು. ಬೈಯುತ್ತಲೇ ಇದ್ದಬದ್ದ ಬಲ ಹಾಕಿ ಕಲ್ಲು ಬಿಗಿ ಮಾಡಿ, ಹಿಟ್ಟನ್ನು ಮತ್ತೆ ಹಾಕಿ ನುಣ್ಣಗೆ ಬೀಸಿಕೊಟ್ಟಳು. ಆಮೇಲೆ ಎರಡು ದಿನಕ್ಕೊಮ್ಮೆಯಾದರೂ ಶಾಂತಮ್ಮ ಹಾಜರು. ಇದು ನಿಜವಾದ ಸಿಟ್ಟೋ ನಾಟಕವೋ ಎಂದು ಅವಳನ್ನೇ ಗುಟ್ಟಾಗಿ ಕೇಳಿದೆ. "ಹಿಟ್ಟಂತೂ ತರೀನೇ ಇತ್ತಲ್ಲವ್ವ," ಎಂದಳು ಅವಳು.

ರುದ್ರಕ್ಕನನ್ನೂ ಕೇಳಿದೆ. "ಇದಕ್ಕೇ ಬದುಕಿರೋದಾ ಅಕ್ಕ, ಬೈದಾಡೋಕೆ?"

"ಗೊತ್ತಿಲ್ಲ ಕಣೇ. ಜಗಳ ಆಡಿದ್ ದಿನ ಹಸಿವಾಗ್ತೈತೆ. ಅಷ್ಟೇ ಗೊತ್ತು." ಎಂದವಳು ಅವತ್ತು ಅರ್ಧ ಮುದ್ದೆ ಉಂಡಳು.

ಅವಳು ಹೋದ ಬೆಳಗ್ಗೆ ಜಗಲಿಯ ಮೇಲೆ ಮಲಗಿಸಿದ್ದರು. ಬಂದವರೆಲ್ಲ ಪಿಸುಗುಡುತ್ತಿದ್ದರು. ಶಾಂತಮ್ಮ ಬಂದವಳು ಸೆರಗು ಬಿಗಿದು ಜಗಲಿಯ ಮುಂದೆ ನಿಂತಳು. ಅವಳ ದನಿ ಬೀದಿ ತುಂಬಿತು.

"ಏನೇ ರುದ್ರಿ, ನಿನ್ನೆ ನಾನಂದಿದ್ದಕ್ಕೆ ಉತ್ರ ಕೊಡ್ದೆ ಹೋಗ್ತೀಯಾ? ಏಳೇ! ಬಯ್ಯೇ ನನ್ನ!"

ಹೆಣದ ಮುಂದೆ ಇದೇನು ಎಂದು ನಾಲ್ಕು ಜನ ಅವಳ ರಟ್ಟೆ ಹಿಡಿದು ಎಳೆದರು. ನಾನು ಹೋಗಿ ಅವರ ಕೈ ಬಿಡಿಸಿದೆ.

"ಬಿಡ್ರಿ," ಎಂದೆ. "ಬಯ್ಲಿ."