ಚಿಕ್ಕಮ್ಮ ಮತ್ತು ಪಕ್ಕದ ದೇಶದ ಅಣೆಕಟ್ಟು

ನಮ್ಮ ಚಿಕ್ಕಮ್ಮ ಸರ್ಕಾರಿ ಕೆಲಸಕ್ಕೆ ಸೇರಿದ್ದು ಟಪಾಲು ವಿಭಾಗದ ಗುಮಾಸ್ತೆಯಾಗಿ. ಬಂದ ಕಾಗದಕ್ಕೆ ಮೊಹರು ಹೊಡೆದು, ದಪ್ಪ ಪುಸ್ತಕದಲ್ಲಿ ಸಂಖ್ಯೆ ಬರೆದು, ಆಯಾ ಮೇಜಿಗೆ ತಲುಪಿಸುವುದು ಅವರ ಕೆಲಸ. ಎರಡನೇ ವರ್ಷ ಆ ಕಚೇರಿಗೆ ಮೊದಲ ಕಂಪ್ಯೂಟರ್ ಬಂತು. ಅದಕ್ಕೆಂದೇ ಒಂದು ಕೋಣೆ ಖಾಲಿ ಮಾಡಿಸಿ ಏಸಿ ಹಾಕಿಸಿದರು. ಯಂತ್ರ ಕೆಟ್ಟರೆ ತಮ್ಮ ತಲೆಗೆ ಸುತ್ತಿಕೊಳ್ಳುತ್ತದೆಂದು ಹಿರಿಯರೆಲ್ಲ ಹಿಂದೆ ಸರಿದರು. ಚಿಕ್ಕಮ್ಮನಿಗೆ ಸೆಕೆ ತಡೆಯುತ್ತಿರಲಿಲ್ಲ. "ನಾನು ಕೂತ್ಕೋತೀನಿ ಸಾರ್" ಎಂದರು. ಮುಂದೆ ಅವರು ಏನೇನಾದರೋ ಅದಕ್ಕೆಲ್ಲ ಮೂಲ ಕಾರಣ ಆ ಏಸಿ.

ಯಂತ್ರದ ಪಾಸ್‌ವರ್ಡನ್ನು ಯಾರೋ ಪೆನ್ಸಿಲ್ಲಿನಲ್ಲಿ ಗೋಡೆಯ ಮೇಲೆ ದಪ್ಪಗೆ ಬರೆದಿದ್ದರು. ಚಿಕ್ಕಮ್ಮ ಅದನ್ನು ಅಳಿಸಿ, ಹೊಸದೊಂದು ಇಟ್ಟು, ಮರುದಿನವೇ ಜ್ವರ ಬಂದು ಮಲಗಿದರು. ಮೂರು ದಿನ ಕಚೇರಿ ನಿಂತುಹೋಯಿತು.

"ಏನಮ್ಮಾ, ಇಡೀ ಕಚೇರಿಗೇ ಬೀಗ ಹಾಕ್ಕೊಂಡು ಹೋಗ್ಬಿಟ್ಯಲ್ಲ" ಎಂದರು ಮುಖ್ಯಾಧಿಕಾರಿ.

"ಗೋಡೆ ಮೇಲೆ ಬರೆದಿಟ್ರೆ ದೂರು ಕೊಡೋಕೆ ಬಂದೋರಿಗೂ ಕೀಲಿಕೈ ಕೊಟ್ಟ ಹಾಗೆ ಅಲ್ವಾ ಸಾರ್?"

ಅವರು ಯೋಚಿಸಿ, "ಹಾಗಾದ್ರೆ ಏನು ಮಾಡ್ಬೇಕು ಅಂತ ಬರ್ಕೊಡು" ಎಂದರು. ಚಿಕ್ಕಮ್ಮ ಒಂದು ಪುಟದಲ್ಲಿ ಹನ್ನೊಂದು ನಿಯಮ ಬರೆದುಕೊಟ್ಟರು. ಆ ಪುಟ ಮೇಜಿನಿಂದ ಮೇಜಿಗೆ ಹತ್ತುತ್ತಾ ಹೋಗಿ, ನಾಲ್ಕು ವರ್ಷದ ಮೇಲೆ ಸರ್ಕಾರದ ಡಿಜಿಟಲ್ ನೀತಿಯಾಗಿ ಹೊರಬಂತು. ನಲವತ್ತು ಪುಟಗಳ ಮುನ್ನುಡಿ ಬೇರೆಯವರದು. ಒಳಗಿನ ಹನ್ನೊಂದು ನಿಯಮ ಇವರದೇ, ಏಳನೆಯದರಲ್ಲಿದ್ದ ಕಾಗುಣಿತದ ತಪ್ಪಿನ ಸಮೇತ.

ಅಲ್ಲಿಂದ ಬಡ್ತಿಯ ಮೇಲೆ ಬಡ್ತಿ. ಎಲ್ಲ ಇಲಾಖೆಗಳಿಗೂ ಇಂಟರ್ನೆಟ್ ಬಂದಾಗ ಯಾವ ಕಟ್ಟಡದ ಕಂಪ್ಯೂಟರುಗಳಿಗೆ ಯಾವ ವಿಳಾಸ ಸಂಖ್ಯೆ ಎಂದು ಹಂಚಿದವರೂ ಇವರೇ. ಆಮೇಲೆ ವಿದೇಶಾಂಗ ಕಚೇರಿಯವರು ಇವರನ್ನು ಎರವಲು ಪಡೆದು ವಾಪಸು ಕೊಡಲೇ ಇಲ್ಲ. ಸೈಬರ್ ರಾಜತಾಂತ್ರಿಕ ವಿಭಾಗದ ನಿರ್ದೇಶಕಿ ಎಂದು ಬೋರ್ಡು ಬಿತ್ತು. ಅವರ ಅತ್ತೆಗೆ ಆ ಹೆಸರು ಬಾಯಿಗೆ ಹತ್ತಲಿಲ್ಲ. "ನಮ್ಮ ಸೊಸೆ ಕಂಪ್ಯೂಟರ್ ನೋಡ್ಕೋತಾಳೆ" ಎಂದು ಬೀದಿಗೆಲ್ಲ ಹೇಳಿದರು. ಭಾನುವಾರ ಬೆಳಿಗ್ಗೆ ನೆರೆಮನೆಯವರು ಕೆಟ್ಟ ರೇಡಿಯೊ, ತಿರುಗದ ಫ್ಯಾನು ಹೊತ್ತು ತರುತ್ತಿದ್ದರು. ಕನ್ನಡಕದ ಅಂಗಡಿ ಇಟ್ಟಿದ್ದ ಚಿಕ್ಕಪ್ಪನ ಬಳಿ ಸಣ್ಣ ಸ್ಕ್ರೂಡ್ರೈವರ್ ಇದ್ದುದರಿಂದ ಅರ್ಧ ರಿಪೇರಿ ಅವರೇ ಮಾಡಿಕೊಡುತ್ತಿದ್ದರು. ಹೆಸರು ಮಾತ್ರ ಸೊಸೆಗೆ.

ಹೀಗಿರುವಾಗ ಪಕ್ಕದ ದೇಶದ ಅಣೆಕಟ್ಟು ಇಲಾಖೆಯ ವೆಬ್‌ಸೈಟು ಕೈಕೊಟ್ಟಿತು. ನದಿ ಅಲ್ಲಿಂದ ನಮ್ಮ ದೇಶಕ್ಕೆ ಹರಿದು ಬರುತ್ತದೆ. ಅಣೆಕಟ್ಟಿನಲ್ಲಿ ನೀರು ಎಷ್ಟಿದೆಯೆಂದು ಅವರು ಆ ಪುಟದಲ್ಲಿ ಹಾಕುತ್ತಿದ್ದರು. ಐದು ದಿನವಾದರೂ ಪುಟ ತೆರೆದುಕೊಳ್ಳಲಿಲ್ಲ. ಇದು ಸೈಬರ್ ದಾಳಿ, ಮಾಡಿದವರು ನೀವೇ ಎಂದು ಅವರಿಂದ ಪತ್ರ ಬಂತು. ಅಲ್ಲಿದ್ದ ನಮ್ಮ ರಾಯಭಾರಿಯನ್ನು ಕರೆಸಿ, ಕುರ್ಚಿ ಕೊಡದೆ, ನಿಲ್ಲಿಸಿಯೇ ಮಾತಾಡಿದರು. ನಮ್ಮ ವಿದೇಶಾಂಗ ಕಾರ್ಯದರ್ಶಿ ಚಿಕ್ಕಮ್ಮನನ್ನು ಕರೆದರು.

"ಹೋಗಿ, ನಾವು ಮಾಡಿಲ್ಲ ಅಂತ ಹೇಳಿ ಬನ್ನಿ."

"ನಾವು ಮಾಡಿಲ್ವಾ ಸಾರ್?"

"ಮಾಡೋಕೆ ನಮಗೆ ಬರಲ್ಲ ಅಂತ ಹೋದ ತಿಂಗಳು ನೀವೇ ವರದಿ ಕೊಟ್ಟಿದ್ದೀರಲ್ಲ."

ಚಿಕ್ಕಮ್ಮ ಹೋದರು. ಉದ್ದನೆಯ ಮೇಜು, ಆ ಕಡೆ ಹದಿನಾಲ್ಕು ಜನ, ಈ ಕಡೆ ಹದಿನಾಲ್ಕು ಜನ. ಎರಡೂ ಕಡೆಯವರು ಬರೆದು ತಂದದ್ದನ್ನು ಓದಿದರು. ಆ ಕಡೆಯ ಮುಖ್ಯಸ್ಥರು ನೀಳಕಾಯದ ಮನುಷ್ಯ, ಮಂಡಿನೋವು. ಅರ್ಧ ಗಂಟೆಗೊಮ್ಮೆ ಎದ್ದು ನಡೆಯದಿದ್ದರೆ ಕಾಲು ಹಿಡಿದುಕೊಳ್ಳುತ್ತಿತ್ತು. ಚಿಕ್ಕಮ್ಮನಿಗೆ ಸೊಂಟನೋವು. ಹೀಗಾಗಿ ಇಬ್ಬರೂ ಹೊರಗಿನ ಉದ್ದ ಪಡಸಾಲೆಯಲ್ಲಿ ಜೊತೆಯಾಗಿ ಅಡ್ಡಾಡುವಂತಾಯಿತು. ಎರಡನೇ ಸುತ್ತಿನಲ್ಲಿ ಅವರು ಜೇಬಿನಿಂದ ಒಂದು ಹಾಳೆ ತೆಗೆದು ಕೊಟ್ಟರು.

"ದಾಳಿ ಬಂದ ವಿಳಾಸಗಳು ಇವು ಮೇಡಂ. ಎಲ್ಲಾ ನಿಮ್ಮವೇ."

ಚಿಕ್ಕಮ್ಮ ಹಾಳೆಯ ಮೇಲೆ ಕಣ್ಣಾಡಿಸಿದರು. ಆ ಸಂಖ್ಯೆಗಳನ್ನು ಕೈಯಾರೆ ಹಂಚಿದವರು ಅವರೇ. ಅವು ನಮ್ಮ ನೀರಾವರಿ ಇಲಾಖೆಯ ಎರಡನೇ ಮಹಡಿಯವು. ಮುಖದಲ್ಲಿ ಏನೂ ತೋರಗೊಡದೆ ಹೋಟೆಲಿಗೆ ಬಂದು ಆ ಮಹಡಿಗೆ ಫೋನು ಮಾಡಿದರು. ಅಂಕಿಅಂಶದ ಗುಮಾಸ್ತ ಎತ್ತಿಕೊಂಡ.

"ಪಕ್ಕದ ದೇಶದ ಅಣೆಕಟ್ಟಿನ ಪುಟ ನೋಡ್ತಿರೋರು ಯಾರು?"

"ನಾನೇ ಮೇಡಂ. ನೀರಿನ ಮಟ್ಟ ಕ್ಷಣಕ್ಷಣಕ್ಕೂ ಗೊತ್ತಾಗ್ತಿರ್ಬೇಕು ಅಂದ್ರು ನಮ್ಮ ಸಾಹೇಬ್ರು. ಕ್ಷಣಕ್ಕೊಂದು ಸಲ ಪುಟ ತೆರೆಯೋ ಹಾಗೆ ಒಂದು ಪ್ರೋಗ್ರಾಮ್ ಬರೆದಿದ್ದೀನಿ."

"ಒಂದು ಕಂಪ್ಯೂಟರಿನಲ್ಲಿ ತಾನೆ?"

"ಒಂದು ಕೆಟ್ರೆ ಕಷ್ಟ ಅಂತ ನಲವತ್ತರಲ್ಲಿ ಹಾಕಿದ್ದೀನಿ."

"ವಾರದ ಮೇಲಾಯ್ತು, ಪುಟ ತೆರೀತಾನೇ ಇಲ್ವಲ್ಲಪ್ಪಾ."

"ಹೂಂ ಮೇಡಂ. ಅದಕ್ಕೇ ಈಗ ಕ್ಷಣಕ್ಕೆ ಇಪ್ಪತ್ತು ಸಲ ಪ್ರಯತ್ನ ಮಾಡೋ ಹಾಗೆ ಬದಲಾಯಿಸಿದ್ದೀನಿ."

ಚಿಕ್ಕಮ್ಮ ಮಂಚದ ಅಂಚಿಗೆ ಕೂತರು. ಒಂದು ಬಾಗಿಲಿಗೆ ಊರೆಲ್ಲ ಒಟ್ಟಿಗೆ ನುಗ್ಗಿದರೆ ಯಾರಿಗೂ ಒಳಗೆ ಹೋಗಲಾಗದಂತೆ, ಈ ಒಬ್ಬ ನಿಷ್ಠಾವಂತನ ನಲವತ್ತು ಯಂತ್ರಗಳು ಆ ಪುಟದ ಬಾಗಿಲಿಗೆ ಅಡ್ಡ ನಿಂತಿದ್ದವು. "ಈಗಿಂದೀಗ ನಿಲ್ಲಿಸಪ್ಪಾ" ಎಂದರು. ಅವನು ಲಿಖಿತ ಆದೇಶ ಕೇಳಿದ. ಅದನ್ನೂ ಕಳಿಸಿದರು.

ಕಾರ್ಯದರ್ಶಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅವರು ದನಿ ತಗ್ಗಿಸಿದರು.

"ಒಪ್ಕೋಬೇಡಿ. ದಾಳಿ ಮಾಡಿದ್ರು ಅಂದ್ರೂ ಪರವಾಗಿಲ್ಲ. ಪೆದ್ದರು ಅಂದ್ರೆ ದೇಶದ ಮರ್ಯಾದೆ ಏನಾಗ್ಬೇಕು?"

ಚಿಕ್ಕಮ್ಮ ಲೆಕ್ಕ ಹಾಕಿದರು. ಹೇಳಿದರೆ ಮೇಲಿನವರ ಮಾತು ಮೀರಿದಂತೆ. ಹೇಳದಿದ್ದರೆ ಆ ಕಡೆಯವರು ನಿಜವಾದ ದಾಳಿಯೊಂದನ್ನು ನಮ್ಮ ಮೇಲೆ ತಿರುಗಿಸುವುದು ಖಂಡಿತ. ಮರುದಿನ ಪಡಸಾಲೆಯಲ್ಲಿ ಮೂರನೇ ಸುತ್ತಿಗೆ ಎಲ್ಲವನ್ನೂ ಹೇಳಿಬಿಟ್ಟರು.

ಆ ಎತ್ತರದ ಮನುಷ್ಯ ಗೋಡೆಗೊರಗಿ ನಕ್ಕರು. ನಕ್ಕು ನಕ್ಕು ಮಂಡಿ ಹಿಡಿದುಕೊಂಡಿತು. ಆಮೇಲೆ ಮುಖ ಸಪ್ಪಗಾಯಿತು.

"ಇದನ್ನ ನಮ್ಮ ಮಂತ್ರಿಗಳಿಗೆ ಹೇಗೆ ಹೇಳ್ಲಿ ಮೇಡಂ? ದಾಳಿನ ಹಿಮ್ಮೆಟ್ಟಿಸಿದ್ದೀವಿ ಅಂತ ನಿನ್ನೆ ತಾನೇ ಭಾಷಣ ಮಾಡಿದ್ದಾರೆ."

"ನಿಮ್ಮ ಪುಟ ಇವತ್ತು ತೆರೆದ್ಕೊಂಡಿದೆ, ನೋಡಿ. ಹಿಮ್ಮೆಟ್ಟಿಸಿದ್ದೀರಿ."

ಅಲ್ಲಿಂದ ಮುಂದೆ ಮಾತು ಸಲೀಸಾಯಿತು. ಇನ್ನು ಮೇಲೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವ ಮೊದಲು ಒಂದು ಫೋನು ಮಾಡಿ ಕೇಳೋಣ ಎಂದು ಒಪ್ಪಂದ ಮಾಡಿಕೊಳ್ಳುವುದೆಂದಾಯಿತು. ವಿಷಯ ಇಷ್ಟೇ. ಬರೆಯಲು ಹಿಡಿದದ್ದು ಒಂಬತ್ತು ದಿನ. 'ವಿಚಾರಿಸತಕ್ಕದ್ದು' ಎಂದರೆ ಅವರ ವಕೀಲರು ಅದು ಅಪ್ಪಣೆಯಾಯಿತು ಎಂದು ಏಳುತ್ತಿದ್ದರು. 'ವಿಚಾರಿಸಬಹುದು' ಎಂದರೆ ನಮ್ಮ ವಕೀಲರು ಹಾಗಾದರೆ ಒಪ್ಪಂದ ಯಾಕೆ ಎಂದು ಏಳುತ್ತಿದ್ದರು. ಎಂಟನೇ ದಿನ ಎರಡೂ ಕಡೆಯವರಿಗೆ ಶೀತವಾಗಿತ್ತು. ಒಂಬತ್ತನೇ ದಿನ ಚಿಕ್ಕಮ್ಮ, "'ವಿಚಾರಿಸುವುದು' ಅಂತ ಬರೆದುಬಿಡೋಣ" ಎಂದರು. ಅಪ್ಪಣೆ ಅಂದುಕೊಂಡವರಿಗೆ ಅದು ಅಪ್ಪಣೆ, ರೂಢಿ ಅಂದುಕೊಂಡವರಿಗೆ ರೂಢಿ. ಮಧ್ಯಾಹ್ನದ ಊಟಕ್ಕೆ ಮೊದಲೇ ಸಹಿ ಬಿತ್ತು.

ಕಾರ್ಯದರ್ಶಿ ಒಂದು ವಾರ ಚಿಕ್ಕಮ್ಮನ ಜೊತೆ ಮಾತು ಬಿಟ್ಟರು. ಪತ್ರಿಕೆಗಳು ಒಪ್ಪಂದವನ್ನು ಹೊಗಳಿದ ಮೇಲೆ ಅದು ತಮ್ಮದೇ ಆಲೋಚನೆ ಎಂದರು. ನೀರಾವರಿ ಗುಮಾಸ್ತ ಕೆಲಸ ಹೋಯಿತೆಂದೇ ತಿಳಿದು ಮೇಜಿನ ಖಾನೆ ಖಾಲಿ ಮಾಡಿದ್ದ. ಚಿಕ್ಕಮ್ಮ ಅವನನ್ನು ಎರಡನೇ ಸುತ್ತಿನ ಮಾತುಕತೆಗೆ ತಜ್ಞನೆಂದು ಕರೆದೊಯ್ದರು. ಆ ದೇಶದ ಕಂಪ್ಯೂಟರ್ ಎಂಜಿನಿಯರುಗಳು ಅವನ ಪ್ರೋಗ್ರಾಮ್ ನೋಡಬೇಕೆಂದು ಸುತ್ತುಗಟ್ಟಿದರು. ನೋಡಿ, "ಅಚ್ಚುಕಟ್ಟಾಗಿದೆ" ಎಂದರು. ಕಾಲುಗಂಟೆಗೊಮ್ಮೆ ನೀರಿನ ಮಟ್ಟವನ್ನು ತಾವೇ ಕಳಿಸುವುದಾಗಿ ಒಪ್ಪಿದರು, ದಯವಿಟ್ಟು ನೀವಾಗಿ ಬರಬೇಡಿ ಎಂಬ ಷರತ್ತಿನ ಮೇಲೆ.

ಆ ಫೋನು ನಿಜವಾಗಿ ಕೆಲಸಕ್ಕೆ ಬಂದದ್ದು ಮೂರು ವರ್ಷದ ಮೇಲೆ, ಒಂದೇ ಸಲ. ಸಂಜೆ ಅಣೆಕಟ್ಟಿನ ಗೇಟುಗಳನ್ನೆಲ್ಲ ತೆರೆಯುತ್ತೇವೆಂದು ಅವರ ಪುಟದಲ್ಲಿ ಯಾರೋ ಕಿಡಿಗೇಡಿಗಳು ಸುಳ್ಳು ಸೂಚನೆ ಹಾಕಿದ್ದರು. ನದಿಗುಂಟ ಕೆಳಗಿದ್ದ ನಮ್ಮ ಊರುಗಳಲ್ಲಿ ಜನ ಗಂಟುಮೂಟೆ ಕಟ್ಟಲು ಶುರು ಮಾಡಿದ್ದರು. ಚಿಕ್ಕಮ್ಮ ಫೋನು ಎತ್ತಿದರು. "ಗೇಟು ತೆರೀತಿದ್ದೀರಾ?" "ಇಲ್ಲ." "ಹಾಗಾದ್ರೆ ಇಬ್ಬರೂ ಒಟ್ಟಿಗೆ ಸುಳ್ಳು ಅಂತ ಹೇಳೋಣ." ನಾಲ್ಕು ನಿಮಿಷದಲ್ಲಿ ಮುಗಿಯಿತು. ಜನ ಮನೆಯಲ್ಲೇ ಉಳಿದರು. ಏನೂ ಆಗಲಿಲ್ಲವಾದ್ದರಿಂದ ಯಾವ ಪತ್ರಿಕೆಯೂ ಬರೆಯಲಿಲ್ಲ. ಚಿಕ್ಕಮ್ಮ ಮಾತ್ರ ಆ ದಿನ ಮನೆಗೆ ಬಂದು, ಏನೂ ಕಾರಣ ಹೇಳದೆ, ಅತ್ತೆಯ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದರಂತೆ.

ನಿವೃತ್ತಿಯ ಸಭೆಯಲ್ಲಿ ಯಾರೋ ಅವರು ಯುದ್ಧ ತಪ್ಪಿಸಿದವರು ಎಂದರು. "ಯುದ್ಧ ಏನೂ ಆಗ್ತಿರ್ಲಿಲ್ಲ" ಎಂದು ಅಲ್ಲೇ ತಿದ್ದಿದರು ಚಿಕ್ಕಮ್ಮ. "ಎರಡು ಪತ್ರಿಕಾಗೋಷ್ಠಿ ಆಗ್ತಿತ್ತು, ಅಷ್ಟೆ."

ಈಗ ಹೊಸ ಅಧಿಕಾರಿಗಳ ತರಬೇತಿ ಶಾಲೆಯಲ್ಲಿ ವಾರಕ್ಕೊಂದು ಪಾಠ ಮಾಡುತ್ತಾರೆ. ಮೊದಲ ದಿನವೇ ಒಬ್ಬಳು ಕೈ ಎತ್ತಿ ಕೇಳಿದಳು: "ಮೇಡಂ, ಸೈಬರ್ ರಾಜತಂತ್ರದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು?"

"ಊಟ ಆದ ಮೇಲಿನ ಸಭೆಯಲ್ಲಿ ಎಚ್ಚರವಾಗಿರೋದು" ಎಂದರು ಚಿಕ್ಕಮ್ಮ.

ಮೂವತ್ತು ಜನವೂ ಬರೆದುಕೊಂಡರು.