ಆಯಮ್ಮ ಆರಿಸಿದ ಅಂಗಡಿ

ಆಯಮ್ಮನಿಗೆ ಬಿಸಿ ಊಟದ ರುಚಿಯೇ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ಬದುಕನ್ನೆಲ್ಲ ಅವಳು ಕಳೆದದ್ದೇ ಊಟದ ನಡುವೆ. ಶಿಶುವಿಹಾರದ ಉದ್ದನೆಯ ಕೋಣೆ, ಮೊಣಕಾಲೆತ್ತರದ ಮೇಜುಗಳು, ಸುತ್ತ ಕತ್ತಿಗೆ ಬಟ್ಟೆ ಕಟ್ಟಿಸಿಕೊಂಡು ಕುಳಿತ ಪುಟಾಣಿಗಳು. ಒಬ್ಬಳು ತೆರೆದ ಬಾಯಿ ಮುಚ್ಚುವುದೇ ಇಲ್ಲ. ಇನ್ನೊಬ್ಬ ಹಲ್ಲು ಕಚ್ಚಿಕೊಂಡು ಬಾಯಿ ತೆರೆಯುವುದೇ ಇಲ್ಲ. ಮತ್ತೊಬ್ಬ ನುಂಗಿದಂತೆ ನಟಿಸಿ, ತುತ್ತನ್ನು ಕೆನ್ನೆಯಲ್ಲಿ ಬಚ್ಚಿಟ್ಟುಕೊಂಡೇ ನಿದ್ದೆ ಹೋಗಿಬಿಡುತ್ತಾನೆ. ಅವರಿಗೆ ಉಣ್ಣಿಸಿ, ಮುಖ ಒರೆಸಿ, ಮಲಗಿಸಿ, ನೆಲ ಸಾರಿಸಿದ ಮೇಲೆ ಆಯಮ್ಮ ಒಲೆಯ ಪಕ್ಕ ನಿಂತುಕೊಂಡು ಉಳಿದದ್ದನ್ನು ಗಬಗಬನೆ ಮುಗಿಸುತ್ತಿದ್ದಳು. ಅಷ್ಟು ಹೊತ್ತಿಗೆ ಅನ್ನ ತಣ್ಣಗೆ ಕಲ್ಲಾಗಿರುತ್ತಿತ್ತು. ಮನೆಯಲ್ಲಾದರೂ ಬೇರೆಯೇ? ಅಲ್ಲಿಯೂ ಅದೇ ಕಥೆ, ಬಾಯಿಗಳು ಮಾತ್ರ ದೊಡ್ಡವು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆ ಕಟ್ಟಿದ ಮಹಾನುಭಾವರು ಆಯಮ್ಮನನ್ನು ಕಂಡವರಲ್ಲ. "ನಿನಗೇನು ಬೇಕು?" ಎಂದು ಯಾರು ಕೇಳಿದರೂ ಅವಳದು ಒಂದೇ ಉತ್ತರ: "ಯಾವುದಾದ್ರೂ ಆಗುತ್ತೆ." ಸೀರೆ ಅಂಗಡಿಯಲ್ಲೂ ಅದೇ, ಡಾಕ್ಟರ ಹತ್ತಿರವೂ ಅದೇ. ಒಮ್ಮೆ ಡಾಕ್ಟರು "ಮಾತ್ರೆಯೋ, ಇಂಜೆಕ್ಷನ್ನೋ?" ಎಂದಾಗಲೂ "ಯಾವುದಾದ್ರೂ" ಅಂದು ಚುಚ್ಚಿಸಿಕೊಂಡು ಬಂದಿದ್ದಳು.

ಅಂಥವಳು ಕೆಲಸದಿಂದ ನಿವೃತ್ತಳಾದಾಗ ಮಗ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ದೊಡ್ಡ ಥೀಮ್ ಪಾರ್ಕಿಗೆ ಹೊರಟ. ಅವಳು, ಅವಳ ಯಜಮಾನರು, ಮಗ, ಸೊಸೆ, ಮೊಮ್ಮಗಳು ಪುಟ್ಟಿ. ಯಜಮಾನರು ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ಯಾವ ಆಟದ ಮುಂದೆ ನಿಂತರೂ "ಸರಪಳಿ ಸದ್ದು ಕೇಳು, ಎಣ್ಣೆ ಹಾಕಿಲ್ಲ ಇವರು" ಎಂದು ಹೆದರಿಸಿ, ತಾವು ಮಾತ್ರ ನೆಲ ಬಿಟ್ಟು ಮೇಲೇಳಲಿಲ್ಲ. ಪುಟ್ಟಿಗೆ ಜೊತೆ ಬೇಕಲ್ಲ ಎಂದು ಆಯಮ್ಮನೇ ರೋಲರ್ ಕೋಸ್ಟರ್ ಹತ್ತಿದಳು. ಕಣ್ಣು ಮುಚ್ಚಿ, ಇದ್ದಬದ್ದ ದೇವರನ್ನೆಲ್ಲ ಕೂಗಿ, ಕೆಳಗಿಳಿದಾಗ ಕೂದಲು ಕೆದರಿ ಮುಖ ಅರಳಿ ಹತ್ತು ವರ್ಷ ಚಿಕ್ಕವಳಾಗಿದ್ದಳು.

ಪ್ರವಾಸದ ಕೊನೆಯ ದಿನದ ಸಂಜೆ ಮಗ ಎಲ್ಲರ ಮುಂದೆ ಘೋಷಿಸಿದ. "ಇವತ್ತಿನ ಊಟ ಅಮ್ಮನ ಇಷ್ಟ. ಅಮ್ಮ ಎಲ್ಲಿ ಅಂತಾಳೋ ಅಲ್ಲಿ. ಅಮ್ಮಾ, 'ಯಾವುದಾದ್ರೂ' ಅಂದ್ರೆ ನಾನು ಒಪ್ಪಲ್ಲ."

ಆಯಮ್ಮ ಒಂದು ಕ್ಷಣವೂ ತಡೆಯಲಿಲ್ಲ. "ಜಪಾನಿ ಊಟ" ಅಂದುಬಿಟ್ಟಳು.

ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಅವರಿಗೇನು ಗೊತ್ತು? ಶಿಶುವಿಹಾರದಲ್ಲಿ ಮಕ್ಕಳು ಮಲಗಿದ ಹೊತ್ತಲ್ಲಿ ಆಯಮ್ಮ ಟಿವಿಯ ಸದ್ದು ಪೂರ್ತಿ ಆರಿಸಿ ಅಡುಗೆ ಕಾರ್ಯಕ್ರಮ ನೋಡುತ್ತಿದ್ದಳು. ಅದರಲ್ಲೊಬ್ಬ ಜಪಾನಿ ಅಜ್ಜ ಹಿಟ್ಟನ್ನು ಎಳೆಎಳೆಯಾಗಿ ಕತ್ತರಿಸಿ, ಕುದಿಯುವ ನೀರಿಗೆ ಬಿಟ್ಟು, ಎತ್ತಿ ಬಟ್ಟಲಿಗೆ ಹಾಕಿ, ಮೇಲೆ ಸಾರು ಸುರಿಯುತ್ತಿದ್ದ. ಹೊಗೆ ಏಳುವಾಗಲೇ ಜನ ಅದನ್ನು ಸೊರ್ರೆಂದು ಎಳೆದು ತಿನ್ನುತ್ತಿದ್ದರು. ಸದ್ದಿಲ್ಲದ ಆ ಟಿವಿಯ ಮುಂದೆ ಕುಳಿತ ಆಯಮ್ಮನಿಗೆ ಸೊರ್ರೆನ್ನುವ ಸದ್ದು ಮಾತ್ರ ಕೇಳಿಸುತ್ತಿತ್ತು.

ಪಾರ್ಕಿನ ಜಪಾನಿ ಬೀದಿಗೆ ಬಂದರೆ ಅಲ್ಲಿ ಒಂದಲ್ಲ, ಮೂರು ಹೋಟೆಲು. ಮೊದಲನೆಯದರಲ್ಲಿ ದೊಡ್ಡ ಕಾವಲಿಯ ಸುತ್ತ ಗಿರಾಕಿಗಳು ಕೂರುತ್ತಾರೆ, ಅಡುಗೆಯವನು ಎದುರಿಗೇ ನಿಂತು ಬೇಯಿಸುತ್ತಾನೆ, ನಡುನಡುವೆ ಭಗ್ಗನೆ ಬೆಂಕಿ ಎಬ್ಬಿಸುತ್ತಾನೆ. ಎರಡನೆಯದರಲ್ಲಿ ಚಿಕ್ಕ ಚಿಕ್ಕ ತಟ್ಟೆಗಳು ತಾನಾಗಿ ಓಡುವ ಪಟ್ಟಿಯ ಮೇಲೆ ಕುಳಿತು ಮೆರವಣಿಗೆ ಹೊರಟಿರುತ್ತವೆ, ಬೇಕಾದ್ದನ್ನು ಎತ್ತಿಕೊಳ್ಳುವುದು. ಮೂರನೆಯದು ಮೂಲೆಯಲ್ಲಿದ್ದ ಕಿರಿದಾದ ಅಂಗಡಿ. ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ.

ಶುರುವಾಯಿತು ನೋಡಿ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

"ಬೆಂಕಿ ಹೋಟೆಲೇ ಸರಿ" ಅಂದರು ಯಜಮಾನರು. "ಇವಳಿಗೆ ಅಂಥದ್ದೆಲ್ಲ ನೋಡೋಕೆ ಬಹಳ ಇಷ್ಟ."

"ನನಗಾ?" ಅಂದಳು ಆಯಮ್ಮ.

"ಅತ್ತೆ, ಅಲ್ಲಿ ಹೊಗೆ ಜಾಸ್ತಿ. ತಟ್ಟೆ ಓಡೋ ಕಡೆ ಹೋಗೋಣ, ಸ್ವಲ್ಪ ಸ್ವಲ್ಪ ಎಲ್ಲಾನೂ ರುಚಿ ನೋಡ್ಬೋದು" ಅಂದಳು ಸೊಸೆ.

"ಅಲ್ಲಿ ಹಸಿ ಮೀನು ಕಣೇ" ಅಂದ ಮಗ. "ಅಮ್ಮ ಮುಟ್ಟಲ್ಲ. ಬೆಂಕಿ ಹೋಟೆಲಲ್ಲಿ ಐದು ಜನ ಒಟ್ಟಿಗೆ ಕೂರ್ಬೋದು, ಫೋಟೋನೂ ಚೆನ್ನಾಗಿ ಬರುತ್ತೆ."

ಪುಟ್ಟಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಜ್ಜಿಗೆ ಏನಿಷ್ಟ ಅಂತ ಅಜ್ಜಿನೇ ಹೇಳ್ಬೇಕಲ್ವಾ? ನೀವೆಲ್ಲ ಯಾಕೆ ಹೇಳ್ತಿದ್ದೀರಿ?"

"ನಾನು ಕೈ ತೊಳ್ಕೊಂಡು ಬರ್ತೀನಿ" ಎಂದು ಆಯಮ್ಮ ಮೆಲ್ಲನೆ ಜಾರಿಕೊಂಡಳು. ಜಗಳ ನಡೆಯಲಿ ಬಿಡು, ಅದಕ್ಕೇನು ನನ್ನ ಹಾಜರಿ ಬೇಕೇ ಅಂತ ಅವಳ ಅಂದಾಜು. ಕಾಲು ನೇರ ಮೂಲೆಯ ಅಂಗಡಿಯತ್ತ ಎಳೆದುಕೊಂಡು ಹೋಯಿತು.

ಬಾಗಿಲ ಗಾಜಿಗೆ ಮುಖ ಒತ್ತಿ ಇಣುಕಿದಳು. ಒಳಗೆ ಗೋಡೆಯುದ್ದಕ್ಕೂ ಒಂದೊಂದೇ ಕುರ್ಚಿ. ಪ್ರತಿ ಕುರ್ಚಿಯ ಎಡಕ್ಕೂ ಬಲಕ್ಕೂ ಮರದ ಹಲಗೆ. ಪಕ್ಕದಲ್ಲಿ ಕುಳಿತವರ ಮುಖ ಕಾಣುವುದಿಲ್ಲ, ಅವರಿಗೆ ಇವರ ತಟ್ಟೆ ಕಾಣುವುದಿಲ್ಲ. ಎದುರಿಗೆ ಪುಟ್ಟದೊಂದು ಬಿದಿರಿನ ಪರದೆ. ಪರದೆ ಮೇಲೇಳುತ್ತದೆ, ಎರಡು ಕೈ ಹೊಗೆಯಾಡುವ ಬಟ್ಟಲನ್ನು ಮುಂದಿಡುತ್ತವೆ, ಪರದೆ ಇಳಿಯುತ್ತದೆ. ಅಷ್ಟೇ. ಮಾತಿಲ್ಲ, ಕತೆಯಿಲ್ಲ, "ಉಪ್ಪು ಕೊಡು" ಇಲ್ಲ, "ನೀರು ತಾ" ಇಲ್ಲ.

ಅಷ್ಟರಲ್ಲಿ ಧಡೂತಿ ಗಂಡಸೊಬ್ಬ ಹೊರಗೆ ಬಂದ. ಮೂಗು ಕೆಂಪು, ಹಣೆ ತುಂಬ ಬೆವರು, ಮುಖದಲ್ಲಿ ಹಾಲು ಕುಡಿದು ಮಲಗೆದ್ದ ಮಗುವಿನ ತೃಪ್ತಿ. ಬಾಗಿಲು ಮುಚ್ಚಿಕೊಳ್ಳುವ ಮೊದಲು ಸಾರಿನ ಘಮವೊಂದು ಬಂದು ಆಯಮ್ಮನ ಮೂಗಿಗೆ ಬಡಿಯಿತು. ಜೊತೆಗೆ ಆ ಸದ್ದು, ಸೊರ್ರ್!

ಇದೇ. ಇದೇ ಬೇಕು ನನಗೆ. ಇಷ್ಟು ಆಯಸ್ಸಿನಲ್ಲಿ ಇಂಥದ್ದೇ ಬೇಕು ಎಂದು ಅವಳಿಗೆ ಅನಿಸಿದ್ದು ಇದೇ ಮೊದಲು. ಅನಿಸಿದ ಕೂಡಲೇ ಭಯವೂ ಆಯಿತು, ನಗುವೂ ಬಂತು. ಹೇಳೇಬಿಡುವುದು ಎಂದು ಸೆರಗು ಬಿಗಿದುಕೊಂಡು ವಾಪಸ್ಸು ದಾಪುಗಾಲು ಹಾಕಿದಳು.

"ಬಂದೆಯಾ?" ಅಂದ ಮಗ. "ಹೇಳಮ್ಮಾ, ಎಲ್ಲಿಗೆ?"

ನಾಲ್ಕು ಮುಖಗಳು ಅವಳನ್ನೇ ನೋಡುತ್ತಿದ್ದವು. ನಾಲ್ಕೂ ಹಸಿದ ಮುಖಗಳು. ಹಸಿದ ಮುಖ ಕಂಡರೆ ಆಯಮ್ಮನ ನಾಲಿಗೆ ಅವಳ ಮಾತು ಕೇಳುವುದಿಲ್ಲ. "ಯಾವುದಾದ್ರೂ ಆಗುತ್ತೆ" ಅಂದುಬಿಟ್ಟಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಪ್ಪಲ್ಲ ಅಂದಿದ್ದ ಮಗನೂ ಸೇರಿದಂತೆ ಎಲ್ಲರಿಗೂ ಒಳಗೊಳಗೇ ಹಾಯೆನಿಸಿತು. ಸೊಸೆಯೂ ಪಟ್ಟು ಬಿಟ್ಟಳು. ದಂಡು ಬೆಂಕಿ ಹೋಟೆಲಿನತ್ತ ಹೊರಟೇಬಿಟ್ಟಿತು. ಆಯಮ್ಮ ಎಲ್ಲರಿಗಿಂತ ಹಿಂದೆ ನಡೆದಳು. ಅವಳಿಗೆ ತನ್ನ ಮೇಲೇ ಕೆಂಡದಂಥ ಸಿಟ್ಟು. ಥೂ, ಎರಡು ವರ್ಷದ ಮಗು ಕೂಡ ಬೇಡದ ತುತ್ತನ್ನು ಉಗಿಯುತ್ತದೆ, ಬೇಕಾದ್ದಕ್ಕೆ ಕೈ ಚಾಚುತ್ತದೆ. ಸಾವಿರ ಮಕ್ಕಳನ್ನು ಸಾಕಿದವಳು ಅವುಗಳಿಂದ ಇಷ್ಟಾದರೂ ಕಲಿಯಬಾರದಿತ್ತೇ?

ಹೋಟೆಲಿನ ಬಾಗಿಲಲ್ಲಿ ಹುಡುಗಿಯೊಬ್ಬಳು ನಗುತ್ತ ಬಾಗಿ, "ಐದು ಜನರಾ?" ಎಂದು ಕೇಳಿದಳು.

"ಹೌದು, ಐದು" ಅಂದ ಮಗ.

"ನಾಲ್ಕು" ಅಂದಳು ಆಯಮ್ಮ.

ಎಲ್ಲರೂ ತಿರುಗಿದರು. ಆಯಮ್ಮ ನಿಲ್ಲಿಸಲಿಲ್ಲ. "ನಾನು ಇಲ್ಲಿ ತಿನ್ನಲ್ಲ. ಆ ಮೂಲೆ ಅಂಗಡೀಲಿ ತಿಂತೀನಿ. ನೀವು ಇಲ್ಲೇ ತಿನ್ನಿ."

"ಯಾವುದು, ಅದಾ?" ಯಜಮಾನರು ಕತ್ತು ಚಾಚಿ ನೋಡಿದರು. "ಅಲ್ಲಿ ಒಬ್ಬೊಬ್ಬರನ್ನೇ ಹಲಗೆ ಹಾಕಿ ಕೂಡಿಹಾಕಿದ್ದಾರೆ ಕಣೇ! ಜೈಲಿನ ಥರ ಇದೆ."

"ಇರಲಿ ರೀ. ನನಗೆ ಅದೇ ಬೇಕು."

ಮಗನ ಮುಖ ಸಪ್ಪಗಾಯಿತು. "ಅಮ್ಮಾ, ನಿನಗೋಸ್ಕರ ಅಂತ ಎಲ್ಲರೂ ಬಂದಿದ್ದೀವಿ. ಇವತ್ತೊಂದು ದಿನ ನಮ್ಮ ಜೊತೆ ಕೂತು ತಿನ್ನೋಕೆ ನಿನಗೆ ಇಷ್ಟ ಇಲ್ವಾ?"

ಆ ಮಾತು ಅವಳಿಗೆ ಚುಚ್ಚಿತು. ಒಂದು ಗಳಿಗೆ, ಆಯ್ತಪ್ಪಾ ಬರ್ತೀನಿ ನಡಿ ಎಂದು ಹೇಳಲು ಬಾಯಿ ತೆರೆದೂ ಬಿಟ್ಟಳು. ಆದರೆ ಹೊರಗೆ ಬಂದದ್ದು ಬೇರೆ.

"ನೀವು ಬೇಡ ಅಂತಲ್ಲ ಕಣೋ. ನೀವು ಎದುರಿಗಿದ್ರೆ ನನ್ನ ಕಣ್ಣು ನಿಮ್ಮ ತಟ್ಟೆ ಬಿಟ್ಟು ಬರಲ್ಲ. ನಿನ್ನ ತಟ್ಟೇಲಿ ಏನು ಖಾಲಿಯಾಯ್ತು, ಇವರಿಗೆ ಖಾರ ಆಯ್ತಾ, ಪುಟ್ಟಿ ನುಂಗಿದ್ಲಾ, ಇದೇ ಆಗುತ್ತೆ. ನಾನು ತಿಂದದ್ದು ಬಾಯಿಗೆ ಹೋಯ್ತೋ ಮೂಗಿಗೆ ಹೋಯ್ತೋ ನನಗೇ ಗೊತ್ತಾಗಲ್ಲ. ಬದುಕಲ್ಲಿ ಒಂದೇ ಒಂದು ಸಲ ಯಾರ ತಟ್ಟೇನೂ ಕಾಣದ ಹಾಗೆ ಕೂತು ಬಿಸಿಬಿಸಿ ತಿನ್ನಬೇಕು ಅಂತ ಆಸೆ. ತಪ್ಪಾ?"

ಬಾಗಿಲ ಹುಡುಗಿ ಯಾವ ಕಡೆ ನೋಡಬೇಕೋ ತಿಳಿಯದೆ ಚಾವಣಿ ನೋಡಿದಳು. ಮಗ ಅಮ್ಮನ ಮುಖವನ್ನೇ ನೋಡುತ್ತ ನಿಂತ. ಅವಳು ಊಟ ಮಾಡುವುದನ್ನು ತಾನು ಎಂದಾದರೂ ಸರಿಯಾಗಿ ನೋಡಿದ್ದೇನೆಯೇ ಎಂದು ನೆನಪು ಮಾಡಿಕೊಳ್ಳಲು ಹೊರಟಿದ್ದ. ಒಂದು ಸಲವೂ ಸಿಗಲಿಲ್ಲ.

"ತಪ್ಪೇನಿಲ್ಲ. ಹೋಗಮ್ಮಾ" ಅಂದ.

ಯಜಮಾನರು ಮಾತ್ರ ಗೊಣಗಿದರು, "ಜನ ನೋಡಿದ್ರೆ ಏನಂದ್ಕೋತಾರೆ, ಮನೆಯವರೆಲ್ಲ ಇಲ್ಲಿ, ಇವಳೊಬ್ಬಳು ಅಲ್ಲಿ." ನಾಲ್ಕು ಹೆಜ್ಜೆ ಹೋದವಳನ್ನು ಮತ್ತೆ ಕರೆದರು. "ಏ, ನಿಧಾನ ತಿನ್ನು. ನಾಲಿಗೆ ಸುಟ್ಕೊಂಡೀಯ."

ಆಯಮ್ಮ ಓಡಲಿಲ್ಲ ಅಷ್ಟೇ. ಅಂಗಡಿಯ ಬಾಗಿಲಲ್ಲಿದ್ದ ಯಂತ್ರದಲ್ಲಿ ಬಟ್ಟಲುಗಳ ಚಿತ್ರವಿತ್ತು. ಅತಿ ದೊಡ್ಡ ಬಟ್ಟಲಿನ ಗುಂಡಿಯನ್ನೇ ಒತ್ತಿ ಚೀಟಿ ಹಿಡಿದುಕೊಂಡು ಒಳಗೆ ಹೋಗಿ, ಎರಡು ಹಲಗೆಗಳ ನಡುವೆ ಕುಳಿತಳು. ಎಡಕ್ಕೆ ನೋಡಿದಳು, ಮರ. ಬಲಕ್ಕೆ ನೋಡಿದಳು, ಮರ. ಅಬ್ಬಾ! ನಗು ತಡೆಯಲಾಗಲಿಲ್ಲ. ಮದುವೆಯಾದ ಹೊಸದರಲ್ಲಿ ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ ಕೂಡ ಇಷ್ಟು ಏಕಾಂತ ಸಿಕ್ಕಿರಲಿಲ್ಲ.

ಪರದೆ ಎದ್ದಿತು. ಎರಡು ಕೈ ಬಟ್ಟಲನ್ನಿಟ್ಟು ಮಾಯವಾದವು. ಕಂದುಬಣ್ಣದ ಸಾರು, ಅದರ ಮೇಲೆ ಎಣ್ಣೆಯ ಹೊಳೆಯುವ ಚುಕ್ಕಿಗಳು, ಹಸಿರು ಈರುಳ್ಳಿ, ಎರಡು ಹೋಳು ಮಾಡಿದ ಮೊಟ್ಟೆ, ಕೆಳಗೆ ಎಳೆ ಬಿಚ್ಚಿಕೊಂಡು ಕಾದು ಕುಳಿತ ನೂಡಲ್ಸ್. ತಿನ್ನಲು ಇಟ್ಟಿದ್ದ ಎರಡು ಮರದ ಕಡ್ಡಿಗಳು ಬೆರಳ ನಡುವೆ ಕುಣಿದವು. ಒಂದು ಜಾರಿ ನೆಲಕ್ಕೆ ಬಿತ್ತು. ಯಾರೂ ನೋಡುತ್ತಿರಲಿಲ್ಲ ಅಲ್ಲವೇ, ಚಮಚವನ್ನೇ ಎತ್ತಿಕೊಂಡಳು.

ಮೊದಲ ಚಮಚಕ್ಕೆ ಉಫ್ ಉಫ್ ಎಂದು ಊದಿದಳು. ಚಮಚ ಹಿಡಿದ ಕೈ ತಾನಾಗಿ ಬಲಕ್ಕೆ ತಿರುಗಿ, ಯಾವುದೋ ಪುಟ್ಟ ಬಾಯಿಗೆ ಹಿಡಿಯಲು ಹೋಗಿ ಹಲಗೆಗೆ ತಟ್ಟಿತು. "ಅಯ್ಯೋ ಮಂಕೇ" ಎಂದು ತನ್ನನ್ನೇ ಬೈದುಕೊಂಡು ಚಮಚವನ್ನು ತನ್ನ ಬಾಯಿಗೆ ತಂದಳು. ಸುಟ್ಟಿತು. ನಾಲಿಗೆ ಸುಟ್ಟಿತು, ಗಂಟಲು ಸುಟ್ಟಿತು, ಎದೆಯವರೆಗೆ ಬೆಚ್ಚಗೆ ಇಳಿಯುತ್ತ ಹೋಯಿತು. ಕಣ್ಣಲ್ಲಿ ನೀರು ಬಂತು. ಸಾರಿನ ಬಿಸಿಗೆ ಬಂತೋ ಬೇರೆ ಯಾತಕ್ಕೆ ಬಂತೋ, ಒರೆಸಿಕೊಳ್ಳುವ ಗೋಜಿಗೆ ಅವಳು ಹೋಗಲಿಲ್ಲ.

ಆಮೇಲೆ ಸೊರ್ರೆಂದು ಎಳೆದಳು. ಮೊದಲು ಮೆಲ್ಲಗೆ, ಕಳ್ಳಿಯ ಹಾಗೆ. ಆಮೇಲೆ ಜೋರಾಗಿ. ಪಕ್ಕದ ಹಲಗೆಯ ಆಚೆಯಿಂದಲೂ ಅಷ್ಟೇ ಜೋರಾಗಿ ಸೊರ್ರೆಂಬ ಸದ್ದು ಬಂತು. ಮನೆಯಲ್ಲಾದರೆ ಮೊಟ್ಟೆ ಪುಟ್ಟಿಯ ತಟ್ಟೆಗೆ ಹೋಗುತ್ತಿತ್ತು. ಒಂದು ಹೋಳು ತಿಂದಳು, ಇನ್ನೊಂದನ್ನು ಕಣ್ಣುಮುಚ್ಚಿ ತಿಂದಳು. ನಡುವಿನ ಹಳದಿ ಬೆಣ್ಣೆಯಂತೆ ಕರಗಿತು. ಮೊಟ್ಟೆಗೆ ಇಂಥ ರುಚಿ ಇದೆಯೆಂದು ಇಷ್ಟು ದಿನ ಯಾರೂ ಹೇಳಿರಲಿಲ್ಲವಲ್ಲ!

ಬಟ್ಟಲು ತಳ ಕಾಣುವ ಹೊತ್ತಿಗೆ ಬೆನ್ನ ಹಿಂದೆ ಪುಟ್ಟಿಯ ದನಿ ಕೇಳಿತು. "ಅಜ್ಜೀ, ಮುಗೀತಾ? ನಮ್ಮದೆಲ್ಲ ಆಯ್ತು. ತಾತ, ಅಪ್ಪ, ಅಮ್ಮ ಎಲ್ಲ ಹೊರಗೆ ನಿಂತಿದ್ದಾರೆ, ನಿನಗೇ ಕಾಯ್ತಿದ್ದಾರೆ."

ಆಯಮ್ಮ ಅರ್ಧ ಎದ್ದೇಬಿಟ್ಟಿದ್ದಳು. ಗಾಜಿನಾಚೆ ಮೂವರೂ ಸಾಲಾಗಿ ನಿಂತಿದ್ದರು, ಯಜಮಾನರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಅವಳು ಅವರನ್ನು ನೋಡಿದಳು, ಬಟ್ಟಲನ್ನು ನೋಡಿದಳು, ಮತ್ತೆ ಕುಳಿತಳು.

"ಇಲ್ಲ ಪುಟ್ಟಿ" ಅಂದಳು. "ನನಗೆ ಇನ್ನೊಂದು ಬಟ್ಟಲು ಬೇಕು. ಕಾಯೋಕೆ ಹೇಳು."